ಘಟ್ಟ ಇಳಿದು ಕಡಲ ದಾರಿ: ಬೈಕಿನಲ್ಲಿ ಹೊರಡುವವರು ಮೊದಲು ಏನು ಯೋಚಿಸಬೇಕು?

ಪ್ರಶ್ನೆ: ನಾನು ತುಮಕೂರಿನವನು, ವಯಸ್ಸು 38. ಮೂರು ವರ್ಷ ಹಳೆಯ 160 ಸಿಸಿ ಬೈಕ್ ಇದೆ. ಜುಲೈ ಎರಡನೇ ವಾರ ಐದು ದಿನ ರಜೆ ಹಾಕಿ, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಮಲೆನಾಡು ಮತ್ತು ಕರಾವಳಿ ಸುತ್ತಬೇಕು ಅಂತ ಆಸೆ. ಮೊದಲ ದಿನ ಆಗುಂಬೆಯಲ್ಲಿ ಸೂರ್ಯಾಸ್ತ ನೋಡಿ ರಾತ್ರಿಗೆ ಉಡುಪಿ, ಎರಡನೇ ದಿನ ಗೋಕರ್ಣ, ಮೂರನೇ ದಿನ ಗೋವಾ, ನಾಲ್ಕನೇ ದಿನ ದಾಂಡೇಲಿ, ಐದನೇ ದಿನ ಮನೆ. ಇದು ಆಗುತ್ತಾ? ಆಗುಂಬೆ ಬದಲು ಕುದುರೆಮುಖದ ದಾರಿ ಒಳ್ಳೆಯದು ಅಂತಲೂ ಕೆಲವರು ಹೇಳುತ್ತಾರೆ. ಇಷ್ಟು ದೂರಕ್ಕೆ ಈ ಬೈಕ್ ಸಾಕಾ? ಮನೆಯಲ್ಲಿ ಅಮ್ಮ ಹೆದರುತ್ತಿದ್ದಾರೆ.

ಉತ್ತರ:

ನಿಮಗೆ ಬೈಕಿನ ಚಿಂತೆ ಜಾಸ್ತಿ, ದಾರಿಯ ಚಿಂತೆ ಕಡಿಮೆ. ನನ್ನ ಚಿಂತೆ ತಿರುಗಾಮುರುಗಾ. 160 ಸಿಸಿ ಬೈಕ್ ಧಾರಾಳವಾಗಿ ಸಾಕು. ಮಲೆನಾಡಿನ ತೋಟದವರು 100 ಸಿಸಿ ಬೈಕಿನಲ್ಲಿ, ಹಿಂದೆ ಹೆಂಡತಿ, ಮುಂದೆ ಮಗು ಕೂರಿಸಿಕೊಂಡು ಇದೇ ಘಾಟಿಗಳನ್ನು ದಿನಾ ಹತ್ತಿ ಇಳಿಯುತ್ತಾರೆ. ನೀವು ಬದಲಾಯಿಸಬೇಕಾದ್ದು ತಿಂಗಳನ್ನು, ಮೊದಲ ದಿನದ ಲೆಕ್ಕವನ್ನು, ಆಮೇಲೆ ಗೋವಾ ದಾಂಡೇಲಿಯ ಆಸೆಯನ್ನು.

ಈ ಪ್ರವಾಸದಲ್ಲಿ ಘಟ್ಟ ಇಳಿಯುವುದು ಒಂದು ಸಲ, ಹತ್ತುವುದು ಒಂದು ಸಲ. ಯಾವ ಘಾಟಿಯಲ್ಲಿ ಇಳಿಯಬೇಕು, ಯಾವುದರಲ್ಲಿ ಹತ್ತಬೇಕು, ಯಾವ ಹೊತ್ತಿಗೆ ಅನ್ನುವುದನ್ನು ಮೊದಲು ಗೊತ್ತು ಮಾಡಿಕೊಳ್ಳಿ. ಎರಡಕ್ಕೂ ಅರ್ಧರ್ಧ ದಿನ, ಅದೂ ಹಗಲಿನ ಹೊತ್ತು, ಎತ್ತಿಡಿ. ಊರು, ದೇವಸ್ಥಾನ, ಬೀಚು ಎಲ್ಲವನ್ನೂ ಅದರ ಸುತ್ತ ಕೂರಿಸಿಕೊಳ್ಳಿ. ಬಹಳ ಜನ ಊರುಗಳ ಪಟ್ಟಿ ಮೊದಲು ಮಾಡುತ್ತಾರೆ. ಆಗ ಘಾಟಿ ಕತ್ತಲಲ್ಲೋ, ದಣಿದ ಮೈಯಲ್ಲೋ, ಮಳೆಯಲ್ಲೋ ಬರುತ್ತದೆ. ನಿಮ್ಮ ಮೊದಲ ದಿನವನ್ನೇ ನೋಡಿ. ತುಮಕೂರಿನಿಂದ ಮುನ್ನೂರು ಕಿಲೋಮೀಟರ್ ಹತ್ತಿರ ಓಡಿಸಿ, ಸೂರ್ಯಾಸ್ತ ನೋಡಿ, ಆಮೇಲೆ ಆಗುಂಬೆಯ 14 ಹೇರ್‌ಪಿನ್ ತಿರುವುಗಳನ್ನು ಕತ್ತಲಲ್ಲಿ ಇಳಿಯಬೇಕು. ಹಿಂದೆ ಕೂತವರಿಗೆ ಆ ಹೊತ್ತಿಗೆ ಸೊಂಟ ಬಿದ್ದುಹೋಗಿರುತ್ತದೆ. ಎದುರಿನ ವಾಹನದ ಹೈಬೀಮ್ ಕಣ್ಣಿಗೆ ರಾಚುತ್ತಿರುತ್ತದೆ. ಇದಕ್ಕೆ ನಾನು ಒಪ್ಪುವುದಿಲ್ಲ. ಆಗುಂಬೆಯ ಸೂರ್ಯಾಸ್ತ ಬೇಕೇ ಬೇಕು ಅಂದರೆ ಆ ರಾತ್ರಿ ಮೇಲೆಯೇ ಉಳಿಯಿರಿ, ಬೆಳಿಗ್ಗೆ ಇಳಿಯಿರಿ.

ಈಗ ಜುಲೈ ವಿಚಾರ. ಮಳೆಗಾಲದ ಹಸಿರು ನೋಡುವ ಆಸೆ ನನಗೆ ಅರ್ಥ ಆಗುತ್ತದೆ. ಆದರೆ ಅರಬ್ಬಿ ಸಮುದ್ರದಿಂದ ಬರುವ ಮುಂಗಾರಿನ ಗಾಳಿ ನೇರ ಬಂದು ಹೊಡೆಯುವುದೇ ಈ ಘಟ್ಟಗಳಿಗೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ, ಜುಲೈಯಲ್ಲಿ ಎಲ್ಲಕ್ಕಿಂತ ಜಾಸ್ತಿ. ಆ ಮಳೆಯಲ್ಲಿ ಹೆಲ್ಮೆಟ್ ಗಾಜಿನಾಚೆ ಏನೂ ಕಾಣುವುದಿಲ್ಲ. ಮಂಜು ಬಿದ್ದರೆ ಮುಂದಿನ ತಿರುವೇ ಮಾಯ. ರಸ್ತೆಯ ಅಂಚಿನಲ್ಲಿ ಪಾಚಿ ಕಟ್ಟಿರುತ್ತದೆ, ಬಿದಿರು ಅಡ್ಡ ಬಾಗಿರುತ್ತದೆ, ಯಾವ ತಿರುವಿನಲ್ಲಿ ಮಣ್ಣು ಜರಿದಿದೆ ಅನ್ನುವುದು ಹತ್ತಿರ ಹೋಗುವ ತನಕ ಗೊತ್ತಾಗುವುದಿಲ್ಲ.

ಕರಾವಳಿಯಲ್ಲೂ ಜುಲೈ ಸುಲಭ ಅಲ್ಲ. 2024 ರ ಜುಲೈ 16 ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿತ್ತು. ರಸ್ತೆ ಬದಿಯ ಚಹಾ ಅಂಗಡಿಯಲ್ಲಿದ್ದವರು, ನಿಲ್ಲಿಸಿದ್ದ ಲಾರಿ ಟ್ಯಾಂಕರುಗಳು ಮಣ್ಣಿನ ಜೊತೆ ಗಂಗಾವಳಿ ನದಿಗೆ ಹೋದವು. (ಇದು ಬೈಂದೂರು ದಾಟಿದ ಮೇಲೆ ಸಿಗುವ ಶಿರೂರು ಅಲ್ಲ, ಗೊಂದಲ ಬೇಡ.) ಅದೇ ವರ್ಷ ಆಗಸ್ಟ್ 7 ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಮುರಿದು ಬಿತ್ತು. ಹೆದರಿಸಲು ಇದನ್ನು ಹೇಳುತ್ತಿಲ್ಲ. ನಿಮ್ಮ ಅಮ್ಮನ ಹೆದರಿಕೆಗೆ ಕಾರಣ ಇದೆ ಅಂತ ಹೇಳಬೇಕು, ಅಷ್ಟೇ.

ರಜೆಯನ್ನು ಅಕ್ಟೋಬರ್‌ಗೆ ತಳ್ಳಿ. ದಸರಾ ರಜೆಯ ಜನಜಂಗುಳಿ ಮುಗಿದ ಮೇಲಿನ ವಾರ ಆದರೆ ಇನ್ನೂ ಒಳ್ಳೆಯದು. ಹಸಿರು ಹಾಗೇ ಇರುತ್ತದೆ, ಝರಿಗಳಲ್ಲಿ ನೀರಿರುತ್ತದೆ, ಆಕಾಶ ತೊಳೆದಿರುತ್ತದೆ. ಮಧ್ಯಾಹ್ನ ಮೂರರ ಮೇಲೆ ಗುಡುಗು ಮಳೆ ಬರಬಹುದು, ಅದಕ್ಕೇ ಘಾಟಿಯನ್ನು ಬೆಳಗಿನ ಹೊತ್ತಿಗೆ ಇಡಿ ಅನ್ನುವುದು. ಡಿಸೆಂಬರ್, ಜನವರಿಯೂ ಚೆನ್ನ. ಆದರೆ ವರ್ಷದ ಕೊನೆಯ ವಾರ ಗೋಕರ್ಣದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಮಾರ್ಚ್ ನಂತರ ಕರಾವಳಿಯ ಸೆಖೆಯಲ್ಲಿ ಜಾಕೆಟ್ ಹಾಕಿಕೊಂಡು ಓಡಿಸುವುದು ದೊಡ್ಡ ಹಿಂಸೆ. ಜಾಕೆಟ್ ಬಿಚ್ಚಿಟ್ಟು ಓಡಿಸುವುದು ಇನ್ನೂ ಕೆಟ್ಟದ್ದು.

ಆಗುಂಬೆಯಾ, ಕುದುರೆಮುಖವಾ? ಮೊದಲ ಸಲ ಇಬ್ಬರೂ ಹೋಗುವಾಗ ನನ್ನ ಮತ ಕುದುರೆಮುಖಕ್ಕೆ. ಆಗುಂಬೆ ಘಾಟಿ ಚಿಕ್ಕದು, ಕಡಿದು. ತಿರುವುಗಳು ತುಂಬ ಬಿಗಿ. ಒಂದು ಬಸ್ಸು ತಿರುಗಬೇಕಾದರೆ ಇಡೀ ರಸ್ತೆ ಬೇಕು. ವಾರಾಂತ್ಯದಲ್ಲಿ ಕಾರುಗಳ ಸಾಲು ಬೇರೆ. ನೋಡಬೇಕು ಅಂತ ಹೋದವರು ರಸ್ತೆ ಬಿಟ್ಟು ಬೇರೇನೂ ನೋಡದೆ ಅರ್ಧ ಗಂಟೆಯೊಳಗೆ ಘಾಟಿಯ ಬುಡದ ಸೋಮೇಶ್ವರ ತಲುಪಿರುತ್ತಾರೆ. ಕುದುರೆಮುಖದ ದಾರಿ ಹಾಗಲ್ಲ. ಕಳಸದಿಂದ ಕಾರ್ಕಳದ ಕಡೆಯ ಮಾಳದವರೆಗೆ ಬಹುಪಾಲು ಕಾಡು, ಬೆಟ್ಟ. ತಿರುವುಗಳು ಅಗಲ. ಒಂದಾದ ಮೇಲೆ ಒಂದು ನಿಧಾನವಾಗಿ ಬಿಚ್ಚಿಕೊಳ್ಳುತ್ತವೆ.

ಹಾಗಾಗಿ ಮೊದಲ ದಿನ ತಿಪಟೂರು, ಅರಸೀಕೆರೆ, ಕಡೂರು ದಾಟಿ ಚಿಕ್ಕಮಗಳೂರು. ಮಧ್ಯಾಹ್ನದ ಊಟ ಅಲ್ಲಿ. ಮುಳ್ಳಯ್ಯನಗಿರಿಗೆ ಈ ಸಲ ಹೋಗಬೇಡಿ. 1,930 ಮೀಟರ್ ಎತ್ತರದ, ರಾಜ್ಯದ ಅತಿ ಎತ್ತರದ ಶಿಖರ ಹೌದು, ಆದರೆ ಹೋಗಿ ಬರುವುದರಲ್ಲಿ ಅರ್ಧ ದಿನ ಹೋಗುತ್ತದೆ. ಆಲ್ದೂರು, ಬಾಳೆಹೊನ್ನೂರಿನ ಮೇಲೆ ಕಳಸಕ್ಕೆ ಹೋಗಿ. ಆಲ್ದೂರು ದಾಟಿದ ಮೇಲೆ ಎರಡೂ ಕಡೆ ಕಾಫಿ ತೋಟ, ಮೇಲೆ ನೆರಳಿನ ಮರ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಬಿಸಿಲು ತುಂಡು ತುಂಡಾಗಿ ರಸ್ತೆಗೆ ಬೀಳುತ್ತದೆ. ಆ ನೆರಳು ಬೆಳಕಿನಲ್ಲಿ ಗುಂಡಿ ಕಾಣುವುದಿಲ್ಲ, ವೇಗ ಇಳಿಸಿ. ಒಟ್ಟು ಹತ್ತಿರ ಹತ್ತಿರ 270 ಕಿ.ಮೀ. ಬೆಳಿಗ್ಗೆ ಆರಕ್ಕೆ ಬಿಟ್ಟರೆ ಕತ್ತಲಾಗುವ ಮೊದಲೇ ಕಳಸ. ಕಳಸದಲ್ಲೋ ಹೊರನಾಡಿನಲ್ಲೋ ಉಳಿಯಿರಿ. ಬೈಕಿಗೆ ಪೆಟ್ರೋಲ್ ಅಲ್ಲೇ ತುಂಬಿಸಿಕೊಳ್ಳಿ.

ಎರಡನೇ ದಿನ ಬೆಳಿಗ್ಗೆ ಎಂಟರ ಹೊತ್ತಿಗೆ ಹೊರಡಿ. ಅದಕ್ಕಿಂತ ಬೇಗ ಬೇಡ. ನಸುಕಿನಲ್ಲಿ ಮಂಜು ಇರುತ್ತದೆ, ಕಾಟಿಗಳು, ಅಂದರೆ ಕಾಡುಕೋಣಗಳು, ರಸ್ತೆ ದಾಟುವ ಹೊತ್ತೂ ಅದೇ. ಕಾಟಿ ಅಡ್ಡ ಬಂದರೆ ದೂರದಲ್ಲೇ ನಿಲ್ಲಿಸಿ, ಹಾರ್ನ್ ಹೊಡೆಯಬೇಡಿ, ಎಲ್ಲವೂ ದಾಟಿ ಹೋಗಲಿ. ಒಂದು ಹೋಯಿತು ಅಂತ ಮುಂದೆ ಹೋದರೆ ಹಿಂದೆ ಮರಿ ಇರುತ್ತದೆ.

ಕುದುರೆಮುಖ ಊರಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಕಬ್ಬಿಣದ ಅದಿರಿನ ಗಣಿಗಾಗಿ ಕಟ್ಟಿದ ಊರು ಅದು. 1987 ರಲ್ಲಿ ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನ ಆಯಿತು. ಗಣಿ ಬೇಡ ಅಂತ ಹೋರಾಟ ನಡೆಯಿತು, ಸುಪ್ರೀಂ ಕೋರ್ಟ್ ಆದೇಶದಂತೆ 2005 ರ ಕೊನೆಗೆ ಗಣಿಗಾರಿಕೆ ನಿಂತಿತು. ಈಗ ಅಲ್ಲಿ ಖಾಲಿ ಮನೆಗಳ ಸಾಲುಗಳಿವೆ, ಅವುಗಳ ಹಿಂದೆ ಬೆಟ್ಟಗಳಿವೆ. ಊರು ದಾಟಿದರೆ ಬೆಟ್ಟದ ಮೈ ಪೂರ್ತಿ ಹುಲ್ಲು, ಮಡಿಕೆಗಳಲ್ಲಿ ಮಾತ್ರ ಕಪ್ಪು ಹಸಿರಿನ ಕಾಡು. ಇದನ್ನೇ ಶೋಲಾ ಅನ್ನುವುದು. ಮಳೆ ನೀರನ್ನು ಹೀರಿಟ್ಟುಕೊಂಡು ಬೇಸಿಗೆಯಲ್ಲೂ ತೊರೆ ಹರಿಸುವುದು ಈ ಹುಲ್ಲು ಮತ್ತು ಶೋಲಾ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಇರುವುದು ಇದೇ ಬೆಟ್ಟಗಳಲ್ಲಿ. ಮೊದಲೆರಡು ಪೂರ್ವಕ್ಕೆ ಹೋಗಿ ಕೃಷ್ಣೆಯನ್ನು ಸೇರುತ್ತವೆ. ನೇತ್ರಾವತಿ ನಿಮ್ಮ ಹಾಗೆ ಪಶ್ಚಿಮಕ್ಕೆ ಇಳಿದು ಮಂಗಳೂರಿನಲ್ಲಿ ಕಡಲು ಸೇರುತ್ತದೆ. ಕುಡಿಯುವ ನೀರಿಗೂ ಶಿವಮೊಗ್ಗ, ದಾವಣಗೆರೆ, ಬಳ್ಳಾರಿಯ ಗದ್ದೆಗೂ ಬೆಟ್ಟಕ್ಕೂ ಏನು ಸಂಬಂಧ ಅಂತ ಇಲ್ಲಿ ನಿಂತರೆ ಪುಸ್ತಕ ಓದದೆಯೇ ಗೊತ್ತಾಗುತ್ತದೆ.

ಅರಣ್ಯ ಇಲಾಖೆಯ ಚೆಕ್‌ಪೋಸ್ಟ್‌ನಲ್ಲಿ ಸಮಯ ಬರೆದ ಚೀಟಿ ಕೊಡುತ್ತಾರೆ. ಅಷ್ಟು ಹೊತ್ತಿನೊಳಗೆ ಆಚೆಯ ಚೆಕ್‌ಪೋಸ್ಟ್ ದಾಟಬೇಕು. ಎಲ್ಲೆಂದರಲ್ಲಿ ನಿಲ್ಲಿಸುವುದು, ತಿಂಡಿ ಬಿಚ್ಚುವುದು, ಪ್ಲಾಸ್ಟಿಕ್ ಎಸೆಯುವುದು ಬೇಡ. ಕೊಟ್ಟ ಸಮಯ ಆರಾಮಾಗಿ ಓಡಿಸಲು ಸಾಕಾಗುತ್ತದೆ. ದಾರಿಯಲ್ಲೇ ಹನುಮನಗುಂಡಿ ಜಲಪಾತ ಇದೆ. ಟಿಕೆಟ್ ತೆಗೆದುಕೊಂಡು ಮೆಟ್ಟಿಲಿಳಿದು ನೋಡಬಹುದು. ಎಸ್.ಕೆ. ಬಾರ್ಡರ್ ಬಂದ ಮೇಲೆ ಇಳಿಜಾರು ಶುರು. ಹಳೆಯ ಸೌತ್ ಕೆನರಾ ಜಿಲ್ಲೆಯ ಗಡಿ ಅದು. ಅಲ್ಲಿಂದ ಮಾಳ, ಬಜಗೋಳಿ, ಕಾರ್ಕಳ. ಗಾಳಿ ಬೆಚ್ಚಗಾಗುತ್ತದೆ, ಜಾಕೆಟ್ ಒಳಗೆ ಬೆವರು ಇಳಿಯುತ್ತದೆ, ಮುರಕಲ್ಲಿನ ಕೆಂಪು ಗೋಡೆಗಳು ಕಾಣುತ್ತವೆ. ಕಾರ್ಕಳದಲ್ಲಿ 1432 ರಲ್ಲಿ ನಿಲ್ಲಿಸಿದ 42 ಅಡಿಯ ಗೊಮ್ಮಟನನ್ನು ನೋಡಿಕೊಂಡು ಸಂಜೆಗೆ ಉಡುಪಿ ತಲುಪಿ. ಇಡೀ ದಿನಕ್ಕೆ 120 ಕಿ.ಮೀ. ಒಳಗೇ. ಇಷ್ಟು ಕಡಿಮೆಯಾ ಅನ್ನಬೇಡಿ. ಇದೇ ನಿಮ್ಮ ಪ್ರವಾಸದ ಒಳ್ಳೆಯ ದಿನ.

ಇಳಿಯುವುದು ಹೇಗೆ ಅನ್ನುವುದಕ್ಕೆ ಬರುತ್ತೇನೆ, ಯಾಕೆಂದರೆ ಘಾಟಿಯಲ್ಲಿ ಬೀಳುವವರು ಹೆಚ್ಚಾಗಿ ಇಳಿಯುವಾಗಲೇ ಬೀಳುತ್ತಾರೆ. ಇಂಜಿನ್ ಆಫ್ ಮಾಡಿ, ನ್ಯೂಟ್ರಲ್‌ಗೆ ಹಾಕಿ ಪೆಟ್ರೋಲ್ ಉಳಿಸುವ ಚಟ ಕೆಲವರಿಗಿದೆ. ಖಂಡಿತ ಬೇಡ. ಎರಡನೇ ಗೇರಿಗೆ, ತೀರ ಕಡಿದಾದ ಕಡೆ ಒಂದನೇ ಗೇರಿಗೆ ಹಾಕಿ, ಆಕ್ಸಿಲರೇಟರ್ ಬಿಡಿ. ಇಂಜಿನ್ನೇ ಬೈಕನ್ನು ತಡೆಯುತ್ತದೆ. ಬ್ರೇಕನ್ನು ಒತ್ತಿ ಹಿಡಿದೇ ಇಳಿದರೆ ಡಿಸ್ಕ್ ಕಾಯುತ್ತದೆ, ಬ್ರೇಕ್ ಆಯಿಲ್ ಕಾಯುತ್ತದೆ. ಆ ಆಯಿಲ್ ಗಾಳಿಯಿಂದ ತೇವ ಎಳೆದುಕೊಳ್ಳುವ ಗುಣದ್ದು. ಹಳೆಯದಾದಷ್ಟೂ ಬೇಗ ಕುದಿಯುತ್ತದೆ, ಕುದ್ದರೆ ಒಳಗೆ ಗುಳ್ಳೆ ಏಳುತ್ತದೆ. ಆಗ ಲಿವರ್ ಒತ್ತಿದರೂ ಬ್ರೇಕ್ ಹಿಡಿಯುವುದಿಲ್ಲ. ಮೂರು ವರ್ಷದ ಬೈಕ್ ಅಂದಿರಿ. ಈ ತನಕ ಬದಲಾಯಿಸಿಲ್ಲ ಅಂದರೆ ಹೊರಡುವ ಮೊದಲು ಬ್ರೇಕ್ ಆಯಿಲ್ ಬದಲಾಯಿಸಿ. ದೊಡ್ಡ ಖರ್ಚೇನಲ್ಲ.

ಬ್ರೇಕ್ ಹಾಕುವುದಿದ್ದರೆ ತಿರುವಿಗೆ ಮೊದಲೇ, ಬೈಕ್ ನೇರ ಇರುವಾಗಲೇ ಹಾಕಿ ಮುಗಿಸಿ. ಬೈಕ್ ವಾಲಿದಾಗ ಬ್ರೇಕ್ ಮುಟ್ಟಬೇಡಿ. ನಿಮ್ಮದು ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದರೂ ಚಕ್ರ ಲಾಕ್ ಆಗದ ಹಾಗೆ ತಡೆಯುವ ವ್ಯವಸ್ಥೆ) ಇರುವ ಬೈಕ್, ಸರಿ. ಆದರೆ ಬಹುಪಾಲು 160 ಸಿಸಿ ಬೈಕುಗಳಲ್ಲಿ ಅದು ಮುಂದಿನ ಚಕ್ರಕ್ಕೆ ಮಾತ್ರ. ಒದ್ದೆ ಎಲೆಯ ಮೇಲೆ ಹಿಂದಿನ ಬ್ರೇಕ್ ಜೋರಾಗಿ ಒತ್ತಿದರೆ ಚಕ್ರ ಲಾಕ್ ಆಗಿ ಬಾಲ ಪಕ್ಕಕ್ಕೆ ಸರಿಯುತ್ತದೆ. ತಿರುಗುವಾಗ ಕಣ್ಣು ಮುಂದಿನ ಚಕ್ರದ ಮೇಲೆ ಬೇಡ, ತಿರುವು ಮುಗಿಯುವ ಕಡೆಗೆ ಇರಲಿ. ಕಣ್ಣು ಹೋದ ಕಡೆ ಬೈಕ್ ಹೋಗುತ್ತದೆ. ಕಂದಕ ನೋಡುತ್ತಾ ಇದ್ದರೆ ಕಂದಕದ ಕಡೆಗೇ ಹೋಗುತ್ತದೆ, ಅಲ್ವಾ? ಬಸ್ಸು ಎದುರಿಗೆ ಹತ್ತಿ ಬರುತ್ತಿದ್ದರೆ ಅಗಲ ಇರುವ ಕಡೆ ಎಡಕ್ಕೆ ನಿಂತು ಬಿಡಿ. ಬೆಟ್ಟದ ದಾರಿಯಲ್ಲಿ ಹತ್ತುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕು ಅನ್ನುವುದು ಕಾನೂನು.

ನಿಮ್ಮ ಮನೆಯವರಿಗೂ ಒಂದಷ್ಟು ಹೇಳಿ ಹೊರಡಿ. ಅವರು ಸುಮ್ನೆ ಕೂರುವವರಲ್ಲ, ಬೈಕಿನ ತೂಕದಲ್ಲಿ ಅವರ ಪಾಲು ದೊಡ್ಡದು. ಕಾಲು ಯಾವಾಗಲೂ ಫುಟ್‌ರೆಸ್ಟ್ ಮೇಲೆ, ಎರಡೂ ಕಡೆ ಕಾಲು ಹಾಕಿ ಕೂರಬೇಕು. ಒಂದೇ ಕಡೆ ಕಾಲು ಹಾಕಿ ಕೂತು ಘಾಟಿ ಇಳಿಯುವುದು ಬೇಡವೇ ಬೇಡ. ತಿರುವಿನಲ್ಲಿ ಬೈಕ್ ಎಡಕ್ಕೆ ವಾಲಿದರೆ ಹೆದರಿ ಬಲಕ್ಕೆ ವಾಲಬಾರದು, ನಿಮ್ಮ ಭುಜದ ಜೊತೆಗೇ ಇರಬೇಕು. ಇಳಿಜಾರಿನಲ್ಲಿ ಅವರ ಭಾರ ನಿಮ್ಮ ಬೆನ್ನಿಗೆ ಬೀಳುತ್ತದೆ. ಆಗ ಅವರು ಒಂದು ಕೈಯನ್ನು ಹಿಂದಿನ ಹಿಡಿಗೆ ಕೊಟ್ಟರೆ ನಿಮ್ಮ ತೋಳು ಹಗುರ. ಗಂಟೆಗೊಮ್ಮೆ ಇಳಿದು ಕಾಲು ಆಡಿಸಿ. ಇಬ್ಬರಿಗೂ ಐಎಸ್‌ಐ ಗುರುತಿರುವ, ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ ಇರಲಿ. ಓಡಿಸುವವರಿಗೆ ಒಳ್ಳೆಯದು, ಹಿಂದೆ ಕೂರುವವರಿಗೆ ಅಟ್ಟದ ಮೇಲಿನ ಹಳೆಯದು ಅನ್ನುವ ಪದ್ಧತಿ ನನಗೆ ನೋಡಲಾಗುವುದಿಲ್ಲ. ಸೀರೆ ಸೆರಗು, ವೇಲು, ಬ್ಯಾಗಿನ ಪಟ್ಟಿ ಯಾವುದೂ ಹಿಂದಿನ ಚಕ್ರದ ಕಡೆ ನೇತಾಡಬಾರದು. ಇಬ್ಬರು ಕೂತು ಸಾಮಾನೂ ಇದ್ದಾಗ ಹಿಂದಿನ ಟೈರಿಗೆ ಗಾಳಿ ಜಾಸ್ತಿ ಬೇಕು. ಎಷ್ಟು ಅಂತ ಬೈಕಿನ ಸ್ಟಿಕ್ಕರ್ ಮೇಲೇ ಬರೆದಿರುತ್ತದೆ.

ಮೂರನೇ ದಿನ ಕರಾವಳಿ. ಇಲ್ಲಿ ಬೇರೆ ಥರದ ಎಚ್ಚರ ಬೇಕು. ಹೆದ್ದಾರಿ 66 ನಾಲ್ಕು ಪಥದ್ದು, ನುಣುಪು, ನೇರ. ಅದಕ್ಕೇ ಜನ ಮೈಮರೆಯುತ್ತಾರೆ. ಡಿವೈಡರ್ ಸಂದಿಯಿಂದ ಸ್ಕೂಟರ್ ನುಗ್ಗುತ್ತದೆ, ರಾಂಗ್ ಸೈಡಿನಲ್ಲಿ ಆಟೋ ಬರುತ್ತದೆ, ರಾತ್ರಿ ಹಸುಗಳು ಬೆಚ್ಚಗಿನ ಡಾಂಬರಿನ ಮೇಲೆ ಮಲಗುತ್ತವೆ. ಮೀನಿನ ಲಾರಿಗಳು ನೀರು ಸುರಿಸಿಕೊಂಡು ಹೋಗುತ್ತವೆ. ಆ ನೀರು ಬಿದ್ದ ತಿರುವಿನಲ್ಲಿ ಟೈರ್ ಜಾರುತ್ತದೆ, ಲಾರಿಯ ಹಿಂದೆಯೇ ಹೋಗಬೇಡಿ. ಹೊಳೆ ಕಡಲು ಸೇರುವ ಕಡೆ ಇರುವ ಉದ್ದ ಸೇತುವೆಗಳ ಮೇಲೆ ಮಧ್ಯಾಹ್ನದ ನಂತರ ಅಡ್ಡಗಾಳಿ ಬಲವಾಗಿರುತ್ತದೆ. ಹ್ಯಾಂಡಲ್ ಬಿಗಿ ಹಿಡಿಯದೆ ವೇಗ ಇಳಿಸಿ. ಟೋಲ್‌ನ ಚಿಂತೆ ಬೇಡ, ಬೈಕಿಗೆ ಟೋಲ್ ಇಲ್ಲ.

ಹೆದ್ದಾರಿಯಲ್ಲೇ ಹೋದರೆ ಕಡಲು ಅಷ್ಟಾಗಿ ಕಾಣುವುದಿಲ್ಲ ಅನ್ನುವುದು ಹೊಸಬರಿಗೆ ಗೊತ್ತಿರುವುದಿಲ್ಲ. ಕಡಲು ಬೇಕು ಅಂದರೆ ಒಳದಾರಿ ಹಿಡಿಯಬೇಕು. ಉಡುಪಿಯಿಂದ ಸ್ವಲ್ಪ ದಕ್ಷಿಣಕ್ಕೆ ಹೋಗಿ ಮಟ್ಟುವಿನಿಂದ ಪಡುಕೆರೆಯ ಮೇಲೆ ಮಲ್ಪೆಗೆ ಬನ್ನಿ. ಒಂದು ಕಡೆ ಕಡಲು, ಒಂದು ಕಡೆ ಹೊಳೆ, ನಡುವೆ ಸಣ್ಣ ರಸ್ತೆ, ತೆಂಗಿನ ಮರ, ಒಣ ಹಾಕಿದ ಬಲೆ. ಮಟ್ಟುಗುಳ್ಳ ಬದನೆ ಬೆಳೆಯುವ ಊರು ಅದೇ. ಅಲ್ಲಿ ನಿಧಾನವಾಗಿ ಹೋಗಿ. ಅದು ಅಲ್ಲಿಯವರ ಮನೆ ಅಂಗಳ, ಮಕ್ಕಳು ರಸ್ತೆಯಲ್ಲೇ ಆಡುತ್ತಿರುತ್ತಾರೆ.

ಮಲ್ಪೆಯಿಂದ ಮತ್ತೆ ಹೆದ್ದಾರಿಗೆ ಬಂದು ಕುಂದಾಪುರ. ಐದು ಹೊಳೆ ಸೇರುವ ಪಂಚಗಂಗಾವಳಿ ಇಲ್ಲಿದೆ. ಊಟಕ್ಕೆ ಇಲ್ಲೇ ನಿಲ್ಲಿ. ಮಾಂಸ ತಿನ್ನುವವರಾದರೆ ನೀರು ದೋಸೆ, ಕೋಳಿ ಸುಕ್ಕ, ಇಲ್ಲವಾದರೆ ಕುಚ್ಚಲಕ್ಕಿ ಊಟ. ಹೊಟ್ಟೆ ಬಿರಿಯ ತಿಂದು ಬಿಸಿಲಿಗೆ ಇಳಿಯಬೇಡಿ, ನಿದ್ದೆ ಎಳೆಯುತ್ತದೆ. ಬಾಯಾರಿದಾಗಲೆಲ್ಲ ಬೊಂಡ, ಅಂದರೆ ಎಳನೀರು, ಕುಡಿಯಿರಿ. ಮುಂದೆ ತ್ರಾಸಿ, ಮರವಂತೆ. ಕೊಲ್ಲೂರಿನ ಕಡೆಯಿಂದ ಬರುವ ಸೌಪರ್ಣಿಕಾ ಹೊಳೆ ಕಡಲನ್ನು ಇನ್ನೇನು ಮುಟ್ಟಿಬಿಡುತ್ತದೆ ಅನ್ನುವಷ್ಟು ಹತ್ತಿರ ಬಂದು, ತಿರುಗಿ ದಕ್ಷಿಣಕ್ಕೆ ಹರಿದು ಗಂಗೊಳ್ಳಿಯಲ್ಲಿ ಸೇರುತ್ತದೆ. ಆ ಸಣ್ಣ ಪಟ್ಟಿಯ ಮೇಲೆ ಹೆದ್ದಾರಿ ಹೋಗಿದೆ. ಎಷ್ಟು ಚಂದ ಅಂದರೆ ಎಲ್ಲರಿಗೂ ಅಲ್ಲೇ ನಿಲ್ಲಬೇಕು ಅನಿಸುತ್ತದೆ. ನಿಲ್ಲಿ, ಆದರೆ ಬೈಕನ್ನು ರಸ್ತೆಯಿಂದ ಪೂರ್ತಿ ಕೆಳಗಿಳಿಸಿ. ಮರಳಿನಲ್ಲಿ ಸೈಡ್ ಸ್ಟ್ಯಾಂಡ್ ಹೂತುಹೋಗುತ್ತದೆ, ಕೆಳಗೆ ಚಪ್ಪಟೆ ಕಲ್ಲು ಇಡಿ. ನೀರಿಗೆ ಇಳಿಯಬೇಡಿ, ಅಲ್ಲಿ ಸೆಳೆತ ಜೋರು. ಬೈಂದೂರಿನ ಒತ್ತಿನೆಣೆಯ ಗುಡ್ಡದಿಂದ ಕಡಲನ್ನು ಮೇಲಿಂದ ನೋಡಬಹುದು.

ಇಲ್ಲಿ ಒಂದು ತೀರ್ಮಾನ ಮಾಡಬೇಕು. ರಜೆ ಐದೇ ದಿನ ಅಂದರೆ ಗೋಕರ್ಣವನ್ನೂ ಬಿಡಿ. ಬೈಂದೂರಿನಿಂದ ಕೊಲ್ಲೂರಿಗೆ ತಿರುಗಿ ಆ ರಾತ್ರಿ ಅಲ್ಲಿ ಉಳಿಯಿರಿ. ನಾಲ್ಕನೇ ದಿನ ಬೆಳಿಗ್ಗೆ ಘಟ್ಟ ಹತ್ತಿ ಸಿಗಂದೂರು, ಅಲ್ಲಿಂದ ಸಾಗರ. ಮೊದಲು ಶರಾವತಿ ಹಿನ್ನೀರು ದಾಟಲು ಲಾಂಚಿಗೆ ಕಾಯಬೇಕಿತ್ತು. 2025 ರ ಜುಲೈಯಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಎರಡು ಕಿ.ಮೀ.ಗೂ ಉದ್ದದ ಸೇತುವೆ ತೆರೆದ ಮೇಲೆ ಆ ದಾರಿ ಸಲೀಸಾಗಿದೆ. ಲಿಂಗನಮಕ್ಕಿ ಅಣೆಕಟ್ಟಿಗೆ ಮನೆ, ಗದ್ದೆ ಬಿಟ್ಟುಕೊಟ್ಟು, ಆಮೇಲೆ ಆಸ್ಪತ್ರೆಗೂ ಲಾಂಚ್ ಕಾಯಬೇಕಾದ ಜನ ಹಿನ್ನೀರಿನಾಚೆಯ ತುಮರಿ ಕಡೆಯವರು. ಅವರ ದಶಕಗಳ ಕೂಗಿಗೆ ಸಿಕ್ಕ ಸೇತುವೆ ಅದು. ದಾಟುವಾಗ ಅದು ನೆನಪಿರಲಿ, ಸೆಲ್ಫಿಗೆ ನಡುವೆ ಬೈಕ್ ನಿಲ್ಲಿಸಬೇಡಿ. ಸಾಗರದಿಂದ ಜೋಗ ನೋಡಿ ಬಂದು, ಐದನೇ ದಿನ ಮನೆ.

ಒಂದು ದಿನ ಜಾಸ್ತಿ ರಜೆ ಸಿಕ್ಕರೆ, ಸಿಗಲಿ ಅಂತ ನನ್ನ ಆಸೆ, ಬೈಂದೂರಿನಿಂದ ನೇರ ಉತ್ತರಕ್ಕೆ ಹೋಗಿ. ಭಟ್ಕಳ, ಮುರುಡೇಶ್ವರ, ಹೊನ್ನಾವರ ದಾಟಿ ಸಂಜೆಗೆ ಕುಮಟಾ. ಮರುದಿನ ಬೆಳಿಗ್ಗೆ ಕುಮಟಾದಿಂದ ಅಘನಾಶಿನಿ ಊರಿಗೆ ಹೋದರೆ, ಅಲ್ಲಿ ತದಡಿಗೆ ದಾಟಿಸುವ ದೋಣಿ ಇದೆ. ಬೈಕನ್ನೂ ಹಾಕಿಕೊಳ್ಳುತ್ತಾರೆ. ಹೊರಡುವ ಹೊತ್ತನ್ನು ಕುಮಟಾದಲ್ಲೇ ವಿಚಾರಿಸಿಕೊಳ್ಳಿ. ಬೈಕ್ ಹತ್ತಿಸುವಾಗ ದೋಣಿಯವರು ಹೇಳಿದ ಹಾಗೆ ಕೇಳಿ, ಗೇರಿನಲ್ಲಿ ನಿಲ್ಲಿಸಿ, ಮುಂದಿನ ಬ್ರೇಕ್ ಹಿಡಿದುಕೊಂಡೇ ಇರಿ.

ಹೊಳೆ ಕಡಲು ಸೇರುವ ಈ ಅಳಿವೆಯಲ್ಲಿ ಅವಸರ ಮಾಡಬೇಡಿ. ಅಘನಾಶಿನಿ ದೊಡ್ಡ ಅಣೆಕಟ್ಟು ಇಲ್ಲದೆ ಹರಿದು ಬರುವ ಹೊಳೆ. ಘಟ್ಟದ ಮಣ್ಣೂ ಸಾರವೂ ತಡೆಯಿಲ್ಲದೆ ಇಲ್ಲಿಗೆ ಬರುತ್ತದೆ. ಅದಕ್ಕೇ ಇಲ್ಲಿ ಮೀನು, ಸಿಗಡಿ, ಬಳಚು ಅನ್ನುವ ಚಿಪ್ಪುಜೀವಿ ಇಷ್ಟು ಸಮೃದ್ಧ. ಇಳಿತದ ಹೊತ್ತಿಗೆ ಹೆಂಗಸರು ಸೊಂಟದ ತನಕ ನೀರಿನಲ್ಲಿ ನಿಂತು ಬಳಚು ಹೆಕ್ಕುವುದನ್ನು ಕಾಣಬಹುದು. ಅಂಚಿನ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಾರೆ. 2024 ರಲ್ಲಿ ಈ ಅಳಿವೆಗೆ, ಜಗತ್ತಿನ ಮಹತ್ವದ ಜೌಗು ಪ್ರದೇಶಗಳಿಗೆ ಕೊಡುವ ರಾಮ್ಸಾರ್ ತಾಣದ ಮಾನ್ಯತೆ ಸಿಕ್ಕಿತು. ತದಡಿಯಿಂದ ಗೋಕರ್ಣದ ಕಡೆ ಹೋಗುವಾಗ ಸಾಣಿಕಟ್ಟೆಯ ಉಪ್ಪಿನ ಗದ್ದೆಗಳೂ ಇವೆ. ಗೋಕರ್ಣದಲ್ಲಿ ದೇವಸ್ಥಾನ, ಕುಡ್ಲೆ, ಓಂ ಬೀಚ್ ನೋಡಿ ಮಧ್ಯಾಹ್ನದ ಮೇಲೆ ಹೆದ್ದಾರಿಯಲ್ಲೇ ವಾಪಸ್ ಬನ್ನಿ. ದಾರಿಯಲ್ಲಿ ಮಿರ್ಜಾನ್ ಕೋಟೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರು ಈ ಕೋಟೆಗೆ ಅಂಟಿಕೊಂಡಿದೆ. ಪೋರ್ಚುಗೀಸರು ಆಕೆಯನ್ನು ಕಾಳುಮೆಣಸಿನ ರಾಣಿ ಅಂತ ಕರೆದರು. ಆಲ್ದೂರಿನಲ್ಲಿ ನೀವು ನೋಡಿದ ಅದೇ ಬಳ್ಳಿಯ ಮೆಣಸು ಘಟ್ಟ ಇಳಿದು ಇಂಥ ಅಳಿವೆಗಳಿಂದಲೇ ಹಡಗು ಹತ್ತುತ್ತಿತ್ತು. ರಾತ್ರಿ ಹೊನ್ನಾವರ.

ಗೋವಾ, ದಾಂಡೇಲಿ ಕೈಬಿಟ್ಟೆ ಅಂತ ಬೇಜಾರು ಬೇಡ. ಅದಕ್ಕೆ ಹುಬ್ಬಳ್ಳಿ ಕಡೆಯಿಂದ ಇನ್ನೊಂದು ಸಲ ಹೊರಡಿ.

ಆರು ದಿನದ ಈ ದಾರಿಯಲ್ಲಿ ಐದನೇ ದಿನ ಗೇರುಸೊಪ್ಪೆಯ ಘಟ್ಟ ಹತ್ತುವುದು. ನಿಮ್ಮ ತುಮಕೂರಿನ ಬಿ.ಎಚ್. ರಸ್ತೆ ಇದೆಯಲ್ಲ, ಬೆಂಗಳೂರಿಂದ ಹೊನ್ನಾವರಕ್ಕೆ ಬರುವ ಆ ಹಳೆಯ ರಸ್ತೆಯ ಈ ತುದಿಯಿಂದ ನೀವು ಹೊರಡುತ್ತೀರಿ. ಮೊದಲು ಶರಾವತಿಯ ಬಗಲಲ್ಲಿ ತೆಂಗು, ಅಡಿಕೆ ತೋಟ, ಆಮೇಲೆ ಕಾಡು, ತಿರುವು. ಸಿಂಗಳೀಕಗಳು ಉಳಿದಿರುವ ಕೆಲವೇ ಕಾಡುಗಳಲ್ಲಿ ಇದೂ ಒಂದು. ಕಂಡರೆ ತಿನ್ನಲು ಏನೂ ಕೊಡಬೇಡಿ. ಕೊಟ್ಟರೆ ಅವು ರಸ್ತೆಗೆ ಇಳಿಯುವುದನ್ನು ಕಲಿಯುತ್ತವೆ, ಚಕ್ರದಡಿ ಸಾಯುತ್ತವೆ. ಲಾರಿಗಳ ಓಡಾಟ ಇದೆ. ಹತ್ತುವಾಗ ಮುಂದಿನ ಲಾರಿಯಿಂದ ದೂರ ಇರಿ, ತಿರುವಿನಲ್ಲಿ ಅದು ಒಂದು ಕ್ಷಣ ಹಿಂದಕ್ಕೆ ಜಾರಬಹುದು. ಇಬ್ಬರ ಭಾರ ಹಿಂದೆ ಬೀಳುವುದರಿಂದ ಹ್ಯಾಂಡಲ್ ಹಗುರ ಅನಿಸುತ್ತದೆ. ಸಾಮಾನನ್ನು ಹಿಂದಿನ ಕ್ಯಾರಿಯರ್ ಮೇಲೆ ಗುಡ್ಡೆ ಹಾಕದೆ ಎರಡೂ ಬದಿಯ ಸ್ಯಾಡಲ್ ಬ್ಯಾಗಿನಲ್ಲಿ ಕೆಳಗೆ ಹಂಚಿ. ಗೇರ್ ಮೊದಲೇ ಇಳಿಸಿ, ತಿರುವಿನ ನಡುವೆ ಕ್ಲಚ್ ಹಿಡಿಯಬೇಡಿ.

ಮೇಲೆ ಜೋಗ. 253 ಮೀಟರ್ ಧುಮುಕುವ ನೀರು. 1964 ರಲ್ಲಿ ಲಿಂಗನಮಕ್ಕಿ ಕಟ್ಟಿದ ಮೇಲೆ ಹರಿವು ಅಣೆಕಟ್ಟಿನ ಕೈಯಲ್ಲಿದೆ. ಅಕ್ಟೋಬರ್‌ನಲ್ಲಿ ಒಳ್ಳೆಯ ಮಳೆಯ ವರ್ಷವಾದರೆ ನಾಲ್ಕೂ ಕವಲು ಕಾಣುತ್ತವೆ. ಆ ರಾತ್ರಿ ಸಾಗರದಲ್ಲೋ ಶಿವಮೊಗ್ಗದಲ್ಲೋ ಉಳಿದು ಆರನೇ ದಿನ ಮನೆ. ಹೊನ್ನಾವರದಿಂದ ತುಮಕೂರಿಗೆ ಒಂದೇ ದಿನದಲ್ಲಿ ಎಳೆಯಬೇಡಿ, ಹತ್ತಿರ ಹತ್ತಿರ 370 ಕಿ.ಮೀ. ಆಗುತ್ತದೆ. ಕೊನೆಯ ದಿನ ಮನೆಯ ಸೆಳೆತಕ್ಕೆ ಕೈ ತಾನಾಗಿ ವೇಗ ಹೆಚ್ಚಿಸುತ್ತದೆ.

ಬೈಕಿಗೆ ಹೊರಡುವ ಒಂದು ವಾರ ಮೊದಲೇ ಸರ್ವಿಸ್ ಮಾಡಿಸಿ, ಹಿಂದಿನ ದಿನ ಬೇಡ. ಸರಿಯಾಗಿ ಕೂರದ ನಟ್ಟು ಬೋಲ್ಟು ಇದ್ದರೆ ಆ ವಾರದ ಓಡಾಟದಲ್ಲೇ ಗೊತ್ತಾಗುತ್ತದೆ. ಬ್ರೇಕ್ ಪ್ಯಾಡ್, ಚೈನ್, ಟೈರಿನ ಗೀರು ನೋಡಿಸಿ. ಒಂದು ಕ್ಲಚ್ ಕೇಬಲ್, ಟ್ಯೂಬ್‌ಲೆಸ್ ಪಂಕ್ಚರ್ ಕಿಟ್, ಸಣ್ಣ ಪಂಪ್ ಜೊತೆಗಿರಲಿ. ರೇನ್‌ಕೋಟ್ ಮೇಲೆ ಕೆಳಗೆ ಎರಡು ಭಾಗದ್ದು ಇರಲಿ, ಗಾಳಿಗೆ ಹಾರುವ ಪಾಂಚೋ ಬೇಡ. ಘಾಟಿಗಳಲ್ಲಿ ಸಿಗ್ನಲ್ ಸಿಗುವುದಿಲ್ಲ. ಮ್ಯಾಪ್ ಮೊದಲೇ ಇಳಿಸಿಕೊಳ್ಳಿ. ಲೈಸೆನ್ಸ್, ಆರ್‌ಸಿ, ವಿಮೆ, ಹೊಗೆ ತಪಾಸಣೆಯ ಚೀಟಿ ಡಿಜಿಲಾಕರ್‌ನಲ್ಲಿದ್ದರೂ ಒಂದು ಪ್ರತಿ ಬ್ಯಾಗಿನಲ್ಲಿರಲಿ, ಫೋನಿನ ಚಾರ್ಜ್ ಮುಗಿದರೆ ಬೇಕಾಗುತ್ತದೆ.

ಅಮ್ಮನಿಗೆ ಪ್ರತಿ ದಿನ ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತಿಗೆ ತಲುಪುತ್ತೀರಿ ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದು ಕೊಡಿ. ಉಳಿಯುವ ಜಾಗದ ಫೋನ್ ನಂಬರೂ ಇರಲಿ. ಘಾಟಿಯಲ್ಲಿ ಎರಡು ಮೂರು ಗಂಟೆ ಫೋನ್ ಸಿಗುವುದಿಲ್ಲ ಅಂತ ಮೊದಲೇ ಹೇಳಿಬಿಡಿ, ಆ ಹೊತ್ತಿನಲ್ಲಿ ಗಾಬರಿ ಆಗುವುದಿಲ್ಲ. ಕಾರ್ಕಳ ತಲುಪಿದ ತಕ್ಷಣ, ಜೋಗ ತಲುಪಿದ ತಕ್ಷಣ ಒಂದು ಫೋನ್ ಮಾಡಿ.

ಮನೆಗೆ ಬಂದ ಮರುದಿನವೇ ಬೈಕನ್ನು ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಸಿ. ಕಡಲ ಗಾಳಿಯ ಉಪ್ಪು ಚೈನ್, ಸ್ಪ್ರಾಕೆಟ್, ಸೈಲೆನ್ಸರಿನ ಬೋಲ್ಟುಗಳಲ್ಲಿ ಕೂತಿರುತ್ತದೆ. ತೊಳೆದು ಒಣಗಿಸಿ ಚೈನಿಗೆ ಲ್ಯೂಬ್ ಹಾಕಿ. ವಾರ ಬಿಟ್ಟರೆ ತುಕ್ಕು ಹಿಡಿಯಲು ಶುರುವಾಗುತ್ತದೆ.